ಈ ಕಾರಿನ ಬಾನೆಟ್ಟನ್ನು ಯಾರೂ ತೆರೆಯಕೂಡದು

ಸತ್ತದ್ದು ನನ್ನ ಕಾರಿನ ಬ್ಯಾಟರಿ. ಅದರ ಫಲವನ್ನು ಉಂಡವರು ನಮ್ಮ ಸೊಸೈಟಿಯ ಗೇಟು ಕಾಯುತ್ತಿದ್ದ ಕಾವಲುಗಾರರೊಬ್ಬರು. ಜೂನ್ ತಿಂಗಳ ಧಗೆಯಲ್ಲಿ ಅವರು ಎರಡು ಗಂಟೆ ಕಾಲ ಆ ಕಾರಿನೊಳಗೆ ಸಿಕ್ಕಿಬಿದ್ದಿದ್ದರು. ಹತ್ತು ದಿನಗಳ ಅನಂತರ ಕೆಲಸವನ್ನೂ ಕಳೆದುಕೊಂಡರು. ನನಗೆ ಏನೂ ಆಗಲಿಲ್ಲ. ಸೊಸೈಟಿಗೂ ಏನೂ ಆಗಲಿಲ್ಲ. ಕಾರು ತಯಾರಿಸಿದ ಕಂಪನಿಯಲ್ಲಿ ಈ ಸಂಗತಿ ಯಾರಿಗಾದರೂ ನೆನಪಿದೆಯೇ ಎಂಬುದೂ ನನಗೆ ತಿಳಿಯದು.

ಹೀಗೆ ಆರಂಭಿಸುವುದನ್ನು ಕಲಿಸಿದ್ದು ನಾನು ಓದಿದ ಶಾಲೆ. ಮೈಸೂರಿನ ಹೊರವಲಯದಲ್ಲಿದ್ದ ಆ ಶಾಲೆಯಲ್ಲಿ ರ‍್ಯಾಂಕು ಇರಲಿಲ್ಲ, ಬೆತ್ತ ಇರಲಿಲ್ಲ, ಶೌಚಾಲಯಗಳನ್ನು ಸರದಿಯ ಮೇಲೆ ಮಕ್ಕಳೂ ಮೇಷ್ಟರೂ ಒಟ್ಟಿಗೆ ತೊಳೆಯುತ್ತಿದ್ದರು. ಪ್ರತಿ ಶನಿವಾರ ಬೆಳಗ್ಗೆ ನೆಲದ ಮೇಲೆ ದುಂಡಗೆ ಕುಳಿತು ಪರಸ್ಪರರ ದೂರುಗಳನ್ನು ಕೇಳುವ ಸಭೆ ನಡೆಯುತ್ತಿತ್ತು. ದೂರು ಹೇಳುವವರಿಗೆ ಎರಡೇ ಕಟ್ಟುಪಾಡು. ಏನಾಯಿತು ಎನ್ನುವ ಮೊದಲು ಯಾರಿಗೆ ನೋವಾಯಿತು ಎಂದು ಹೇಳಬೇಕು. ಮುಗಿಸುವಾಗ, ಯಾರು ಏನು ಮಾಡಬೇಕೆಂಬುದನ್ನು ಅವರ ಮುಖ ನೋಡಿಯೇ ಕೇಳಬೇಕು. ಇಪ್ಪತ್ತು ವರ್ಷಗಳಿಂದ ದೆಹಲಿಯಲ್ಲಿ ಗಾಳಿ, ಕಸ, ಕಾಲುಹಾದಿ ಎಂದು ಓಡಾಡುತ್ತ ನಾನು ಬರೆದ ಮನವಿಗಳೆಲ್ಲವೂ ಆ ಕಟ್ಟುಪಾಡಿಗೆ ಬದ್ಧವಾಗಿದ್ದವು, ಒಂದರ ಹೊರತು. ಆ ಒಂದು ಪತ್ರ ಮಾಡಿದ ಹಾನಿಯನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮಯೂರ್ ವಿಹಾರದಲ್ಲಿರುವ ನಮ್ಮದು ಸಹಕಾರಿ ಸಂಘವೊಂದು ಕಟ್ಟಿಸಿದ ಹಳೆಯ ಕಟ್ಟಡ. ಕಟ್ಟಿಸಿದ ಕಾಲದಲ್ಲಿ ಮನೆಗೊಂದು ಸ್ಕೂಟರ್ ಇದ್ದರೆ ಹೆಚ್ಚು. ಈಗ ಮನೆಗೆರಡು ಕಾರು. ಹೀಗಾಗಿ ಕೆಳಗಿನ ಕಂಬಗಳ ನಡುವೆ ಒಂದರ ಹಿಂದೊಂದು ಕಾರುಗಳನ್ನು ಒತ್ತರಿಸಿ ನಿಲ್ಲಿಸಬೇಕು. ಅದಕ್ಕೊಂದು ಪದ್ಧತಿ ಬೆಳೆದಿದೆ. ಹ್ಯಾಂಡ್‌ಬ್ರೇಕ್ ಹಾಕದೆ, ಕಾರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಕೀಲಿಕೈಯನ್ನು ಗೇಟಿನ ಕ್ಯಾಬಿನ್ನಿನಲ್ಲಿ ನಮ್ಮ ಮನೆಯ ಸಂಖ್ಯೆ ಬರೆದ ಮೊಳೆಗೆ ತೂಗುಹಾಕಿ ಹೋಗುವುದು. ಯಾರ ಕಾರಿಗೆ ಯಾವುದು ಅಡ್ಡವೋ ಅದನ್ನು ಕಾವಲುಗಾರರು ತಳ್ಳಿಯೋ ಓಡಿಸಿಯೋ ಸರಿಸುತ್ತಾರೆ. ಮೊಳೆಗಳ ಆ ಹಲಗೆಯನ್ನು ಮಾಡಿಸಿದ್ದು ಆಡಳಿತ ಸಮಿತಿಯೇ. ಕಾವಲಿನ ಗುತ್ತಿಗೆದಾರರೊಂದಿಗಿನ ಒಪ್ಪಂದದಲ್ಲಿ, ನಿವಾಸಿಗಳ ವಾಹನಗಳನ್ನು ಕಾವಲುಗಾರರು ಮುಟ್ಟಕೂಡದು ಎಂದು ಬರೆಯಿಸಿದ್ದೂ ಅದೇ ಸಮಿತಿ. ಹಲಗೆ ಗೋಡೆಯ ಮೇಲಿತ್ತು, ಒಪ್ಪಂದ ಕಪಾಟಿನಲ್ಲಿತ್ತು. ಎರಡೂ ಒಂದನ್ನೊಂದು ನೋಡುವ ಪ್ರಸಂಗ ಬಂದಿರಲಿಲ್ಲ.

ನಾನು ವಿದ್ಯುತ್ ಕಾರು ಕೊಂಡಾಗ ಚಾರ್ಜಿಂಗ್ ವ್ಯವಸ್ಥೆಗಾಗಿ ಸಮಿತಿಯ ಮುಂದೆ ಎಂಟು ತಿಂಗಳು ವಾದಿಸಿದೆ. ಸಮಿತಿಯ ಕಾರ್ಯದರ್ಶಿ ಕೇಂದ್ರ ಸರ್ಕಾರದ ಸಚಿವಾಲಯವೊಂದರಿಂದ ನಿವೃತ್ತರಾದ ಕನ್ನಡಿಗರು. ಬಹುಕಾಲ ಕಿದ್ವಾಯಿ ನಗರದ ಸರ್ಕಾರಿ ವಸತಿಯಲ್ಲಿದ್ದು, ಕೊನೆಗೆ ಇಲ್ಲಿ ಮನೆ ಮಾಡಿದವರು. ನಾವು ದೆಹಲಿಗೆ ಬಂದ ಹೊಸತರಲ್ಲಿ ಯುಗಾದಿಗೆ ಕರೆದು ಒಬ್ಬಟ್ಟು ಬಡಿಸಿದ ಮನೆ ಅವರದು. ಅವರನ್ನು ಅಂಕಲ್ ಎನ್ನುತ್ತೇನೆ. ಎಂಟನೆಯ ತಿಂಗಳಲ್ಲಿ ಅಂಕಲ್ ನನಗೆ ಒಂದು ಜಾಗ ತೋರಿಸಿದರು. ಮೀಟರ್ ಕೋಣೆಯ ಗೋಡೆಗೂ ಮೆಟ್ಟಿಲ ಗೋಡೆಗೂ ನಡುವಣ ಒಂದು ಗೂಡು. ಮನೆಗೆಲಸಕ್ಕೆ ಬರುವ ಹೆಂಗಸರೂ ಮಾಲಿಯೂ ಸೈಕಲ್ ನಿಲ್ಲಿಸುತ್ತಿದ್ದದ್ದು ಅಲ್ಲಿ. ಸೈಕಲ್‌ಗಳು ಮಾರನೆಯ ದಿನ ಹೊರಗೆ ಚರಂಡಿಯ ಪಕ್ಕದ ಬಿಸಿಲಿಗೆ ಹೋದವು. ನಾನು ಅದನ್ನು ಗೆಲುವೆಂದು ಕರೆದೆ. ಈ ಸರಣಿಯ ಮೊದಲ ತಪ್ಪು ಅದು, ಮತ್ತು ಅದು ನನ್ನದು.

ಗೂಡಿನ ಅಗಲ ಕಾರಿಗಿಂತ ತುಸುವೇ ಹೆಚ್ಚು. ಬೇರೆ ಕಾರಾಗಿದ್ದರೆ ಬಾಯಿಯ ಬಳಿ ಇಳಿದು, ಉಳಿದ ದೂರ ತಳ್ಳಿಬಿಡಬಹುದಿತ್ತು. ನನ್ನ ಕಾರು ತಳ್ಳಿಸಿಕೊಳ್ಳುವುದಿಲ್ಲ. ಚಾಲಕ ಸೀಟು ಬಿಟ್ಟರೆ ಸಾಕು, ಅದು ತಾನಾಗಿ ಚಕ್ರಗಳನ್ನು ಬಿಗಿಹಿಡಿಯುತ್ತದೆ. ಆದ್ದರಿಂದ ಒಳಗೆ ಕುಳಿತೇ ಅದನ್ನು ಹಿಮ್ಮುಖವಾಗಿ ಕೊನೆಯವರೆಗೂ ಹೊಗಿಸಬೇಕು. ಹೊಗಿಸಿದ ಮೇಲೆ ಬಾಗಿಲು ಒಂದು ಗೇಣೂ ತೆರೆಯುವುದಿಲ್ಲ. ಇದಕ್ಕೆ ದಾರಿ ಕಂಡುಹಿಡಿದವರು ಹಗಲು ಪಾಳಿಯ ಆ ಕಾವಲುಗಾರರು. ಕಾರನ್ನು ಆಫ್ ಮಾಡಿ, ಕಿಟಕಿಯ ಗಾಜು ಇಳಿಸಿ, ತಲೆ ಭುಜಗಳನ್ನು ಮೊದಲು ತೂರಿಸಿ, ಗೋಡೆಗೆ ಬೆನ್ನು ಉಜ್ಜುತ್ತ ಕಾರಿನ ನೆತ್ತಿಗೇರಿ, ಬಾನೆಟ್ಟಿನ ಮೇಲಿಂದ ಜಾರಿ ಇಳಿಯುತ್ತಿದ್ದರು. ಐವತ್ತರ ಆಸುಪಾಸಿನ ಬಡಕಲು ದೇಹ, ಉತ್ತರ ಪ್ರದೇಶದ ಗೋಂಡಾ ಕಡೆಯವರು, ಬೇಸಿಗೆಯಲ್ಲೂ ಗುತ್ತಿಗೆದಾರರು ಕೊಟ್ಟ ದಪ್ಪ ಪಾಲಿಯೆಸ್ಟರ್ ಸಮವಸ್ತ್ರ. ಮೊದಲ ಸಲ ಅದನ್ನು ಕಂಡಾಗ ನಾನು, ಭಯ್ಯಾ, ನೀವು ಸರ್ಕಸ್ಸಿಗೆ ಸೇರಬಹುದಿತ್ತು ಎಂದೆ. ಅವರು ನಾಚಿಕೊಂಡು ನಕ್ಕು, ಬೆನ್ನಿಗಂಟಿದ ಸುಣ್ಣ ಕೊಡವಿಕೊಂಡರು. ನಾನು ಮೆಟ್ಟಿಲು ಹತ್ತಿದೆ. ಮುಂದೆ ಒಂದೂವರೆ ವರ್ಷ ವಾರಕ್ಕೆ ಮೂರು ಸಲ ಅದು ನಡೆಯಿತು. ಆ ಗೂಡಿನೊಳಗೆ ನಾನೊಮ್ಮೆಯೂ ಕಾರನ್ನು ಹೊಗಿಸಿದವಳಲ್ಲ.

ಇನ್ನೆರಡು ಸಂಗತಿಗಳನ್ನು ಹೇಳಬೇಕು. ಕಾರು ಬಂದ ಮೊದಲ ತಿಂಗಳಲ್ಲಿ, ಎಲ್ಲರ ಕಾರಿಗೆ ಮಾಡುವಂತೆ ನನ್ನದಕ್ಕೂ ರೇಡಿಯೇಟರಿನ ನೀರು ನೋಡೋಣವೆಂದು ಅವರು ಬಾನೆಟ್ ತೆರೆದು, ಕೈಯಲ್ಲಿ ನೀರಿನ ಕ್ಯಾನ್ ಹಿಡಿದು ನಿಂತಿದ್ದರು. ನಾನು ಗಾಬರಿಬಿದ್ದೆ. ಅಂದೇ ದಪ್ಪ ಕೆಂಪಕ್ಷರಗಳಲ್ಲಿ ಹಿಂದಿಯಲ್ಲಿ ಒಂದು ಸೂಚನೆ ಬರೆದು ಕೀಲಿಕೈಗಳ ಹಲಗೆಯ ಪಕ್ಕ ಅಂಟಿಸಿದೆ: ಈ ಕಾರಿನ ಬಾನೆಟ್ಟನ್ನು ಯಾರೂ ತೆರೆಯಕೂಡದು, ಪ್ರಾಣಾಪಾಯವಿದೆ.

ಎರಡನೆಯದು ಕ್ಯಾಮೆರಾ. ರಸ್ತೆಬದಿ ಕಸ ಸುಡುವವರನ್ನೂ ಕಾಲುಹಾದಿಯ ಮೇಲೆ ಗಾಡಿ ಏರಿಸುವವರನ್ನೂ ಚಿತ್ರಿಸಿ ಅಧಿಕಾರಿಗಳಿಗೆ ಕಳಿಸಲೆಂದು ನಾನು ಕಾರಿನ ಮುಂಗಾಜಿಗೆ ಒಂದು ಕ್ಯಾಮೆರಾ ಕೂಡಿಸಿದ್ದೆ. ನಿಂತ ಕಾರಿನಲ್ಲೂ ಅದು ಎಚ್ಚರವಾಗಿರುತ್ತಿತ್ತು. ಅದು ಕುಡಿಯುತ್ತಿದ್ದದ್ದು ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಿಂದಲ್ಲ. ದೀಪ, ಕಿಟಕಿ, ಬೀಗ, ಪರದೆಗಳಿಗೆ ಜೀವ ಕೊಡುವ ಸಣ್ಣ ಬ್ಯಾಟರಿಯೊಂದು ಬಾನೆಟ್ಟಿನಡಿ ಬೇರೆಯೇ ಇರುತ್ತದೆ. ಎಲ್ಲ ಕಾರುಗಳಲ್ಲೂ ಇರುವಂಥದ್ದೇ. ಅದು ಸೊರಗುತ್ತಿದೆ ಎಂದು ಪರದೆಯ ಮೇಲೆ ಒಂದು ವಾರದಿಂದ ಎಚ್ಚರಿಕೆ ಬರುತ್ತಿತ್ತು. ಫೋನಿನಲ್ಲಿ ನೋಡಿದರೆ ಚಾರ್ಜು ಎಂಬತ್ತಕ್ಕೂ ಮೇಲಿತ್ತು. ಎಂಬತ್ತು ಇರುವಾಗ ಇದೇನು ಹಟ ಎಂದುಕೊಂಡು ನಾನು ಎಚ್ಚರಿಕೆಯನ್ನು ಬೆರಳಿನಿಂದ ಒರೆಸಿಹಾಕಿದೆ. ಈ ಕಾರಿಗೆ ಯಾವ ಉಪಚಾರವೂ ಬೇಡ ಎಂದು ಊರಿಗೆಲ್ಲ ಸಾರಿದವಳು ನಾನೇ.

ಆ ದಿನ ಹೊರಗಿನ ಕೆಲಸ ಮುಗಿಸಿ ಹನ್ನೊಂದರ ಹೊತ್ತಿಗೆ ಬಂದೆ. ಗೇಟಿನಲ್ಲಿ ಇಳಿದು ಕೀಲಿಕೈಯನ್ನು ಅವರ ಕೈಗೆ ಕೊಟ್ಟು, ಚಾರ್ಜಿಗೆ ಹಾಕಿಬಿಡಿ ಭಯ್ಯಾ ಎಂದೆ. ಅವರು ಒಬ್ಬರೇ ಇದ್ದರು, ಜೊತೆಗಾರ ರಜೆಯಲ್ಲಿದ್ದ. ನಾನು ಮೇಲೆ ಹೋಗಿ ಸ್ನಾನ ಮಾಡಿ ಹೊರಬರುವಷ್ಟರಲ್ಲಿ ಅಡುಗೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಕೆಳಗೆ ಬನ್ನಿ, ಗಾರ್ಡ್ ಭಯ್ಯಾ ನಿಮ್ಮ ಗಾಡಿಯೊಳಗೆ ಸಿಕ್ಕಿಕೊಂಡಿದ್ದಾರೆ ಎಂದಳು.

ಗೂಡಿನ ಬಾಯಿಗೆ ಮುಖ ಮಾಡಿ ಕಾರು ನಿಂತಿತ್ತು. ಮುಂಗಾಜಿನ ಹಿಂದೆ ಅವರು ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು, ಪರೀಕ್ಷೆಯ ಕೋಣೆಯಲ್ಲಿ ಕುಳಿತವರಂತೆ ಕುಳಿತಿದ್ದರು. ಎಂದಿನಂತೆ ಆಫ್ ಮಾಡಿದ್ದಾರೆ. ಕಿಟಕಿಯ ಗುಂಡಿ ಒತ್ತುವಷ್ಟರಲ್ಲಿ ಪರದೆ ಎರಡು ಸಲ ಮಿಣುಕಿ ಕಪ್ಪಾಗಿದೆ. ಆಮೇಲೆ ಯಾವ ಗುಂಡಿಗೂ ಉತ್ತರವಿಲ್ಲ. ಬಾಗಿಲಿನ ಚಿಲಕ ಬಿಚ್ಚಿಕೊಳ್ಳುತ್ತದೆ, ಬಾಗಿಲು ಗೋಡೆಗೆ ತಾಗಿ ನಿಲ್ಲುತ್ತದೆ. ಹಿಂಬದಿಯ ಬಾಗಿಲು ಗೋಡೆಗೆ ಆನಿಸಿದಂತಿತ್ತು. ಅದರ ಬೀಗವೂ ವಿದ್ಯುತ್ತಿನದೇ. ಬಾಗಿಲ ಸಂದಿಯಿಂದ ಬರುತ್ತಿದ್ದಷ್ಟೇ ಗಾಳಿ. ಆ ಗಾಳಿಯೂ ಒಲೆಯ ಬಾಯಿಂದ ಬಂದಂಥದ್ದು. ಜೂನಿನ ಬಿಸಿಗಾಳಿ ‘ಲೂ’ ಆ ಹೊತ್ತಿಗಾಗಲೇ ಕಂಬಗಳ ನಡುವೆ ಧೂಳೆಬ್ಬಿಸುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಸೌಜನ್ಯದಿಂದಲೇ ಕೇಳಿದಳು: ಅಪಘಾತವಾಗಿದೆಯೇ? ಇಲ್ಲ. ಹೊಗೆ ಬರುತ್ತಿದೆಯೇ? ಇಲ್ಲ. ಹಾಗಾದರೆ ಇದು ತುರ್ತಿನ ವರ್ಗಕ್ಕೆ ಬರುವುದಿಲ್ಲ. ತಂತ್ರಜ್ಞರು ಫರೀದಾಬಾದಿನಿಂದ ಹೊರಡುತ್ತಾರೆ. ಅಲ್ಲಿಯವರೆಗೆ ಅನಧಿಕೃತ ವ್ಯಕ್ತಿಗಳು ಬಾನೆಟ್ ತೆರೆಯಬಾರದು. ಒಳಗೆ ಮನುಷ್ಯರೊಬ್ಬರಿದ್ದಾರೆ ಎಂದೆ. ಅದನ್ನು ನಮೂದಿಸಿಕೊಂಡಿದ್ದೇನೆ ಎಂದಳು.

ಅಂಕಲ್ ಬನಿಯನ್ನಿನ ಮೇಲೆ ಅಂಗಿ ತೊಡುತ್ತ ಇಳಿದು ಬಂದರು. ಇನ್ನೂ ನಾಲ್ಕೈದು ಮಂದಿ ಸೇರಿದರು. ಬಂಪರಿಗೆ ಹಗ್ಗ ಕಟ್ಟಿ ಎಲ್ಲರೂ ಎಳೆದೆವು. ಬಿಗಿದುಕೊಂಡ ಚಕ್ರಗಳು ಒಂದಂಗುಲವೂ ಕದಲಲಿಲ್ಲ.

“ನೀನೇ ಹೇಳಿದ್ದಲ್ಲಮ್ಮ, ಇದು ಕಾರಲ್ಲ ಕಂಪ್ಯೂಟರ್ ಅಂತ,” ಎಂದರು ಅಂಕಲ್, ಹಗ್ಗ ಬಿಟ್ಟು ಏದುಸಿರು ಬಿಡುತ್ತ. “ಈಗ ನೋಡು, ಹ್ಯಾಂಗ್ ಆಗಿದೆ.”

ಯಾರೋ ನಕ್ಕರು. ಗಾಜಿನ ಆಚೆ ಕಾವಲುಗಾರರೂ, ನಾವು ನಗುತ್ತಿರುವುದನ್ನು ಕಂಡು, ಯಾಕೆಂದು ತಿಳಿಯದೆ ತಾವೂ ತುಸು ನಕ್ಕರು. ಆ ನಗು ಈಗಲೂ ನನ್ನ ಕಣ್ಣಿನಿಂದ ಹೋಗಿಲ್ಲ.

ನೀರು ಕೊಡುವುದೇ ದೊಡ್ಡ ಸಮಸ್ಯೆಯಾಯಿತು. ಸಂದಿಯೊಳಗೆ ತೋಳು ಹೋದರೂ ಬಾಗಿಲಿನ ಅಂಚಿಗೆ ಕೈ ಎಟುಕುತ್ತಿರಲಿಲ್ಲ. ಕೊನೆಗೆ ಅಡುಗೆಯಾಕೆ ಜೇಡರ ಬಲೆ ತೆಗೆಯುವ ಉದ್ದ ಕೋಲು ತಂದು, ಅದರ ತುದಿಗೆ ಮಜ್ಜಿಗೆಯ ಪ್ಯಾಕೆಟ್ ಕಟ್ಟಿ, ಗೋಡೆಗುಂಟ ಮೆಲ್ಲಗೆ ತೂರಿಸಿದಳು. ಅವರು ಬೆರಳು ಚಾಚಿ ಎಳೆದುಕೊಂಡರು. ಮೊದಲ ಪ್ಯಾಕೆಟ್ ಒಡೆದು ಅವರ ತೊಡೆಯ ಮೇಲೆ ಚೆಲ್ಲಿತು. ಅವರು ಮಾಡಿದ ಮೊದಲ ಕೆಲಸ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ನನ್ನ ಸೀಟನ್ನು ಒರೆಸಿದ್ದು.

ಪಕ್ಕದ ಕಿಟಕಿಯನ್ನು ಒಳಗಿನಿಂದಲೇ ಒಡೆಯಲಿ ಎಂದು ಯಾರೋ ಸೂಚಿಸಿದರು. ನಾನು ಸಂದಿಗೆ ಬಾಯಿಟ್ಟು ಹೇಳಿದೆ. ಅವರು ಗಟ್ಟಿಯಾಗಿ ತಲೆಯಾಡಿಸಿದರು. “ಬೇಡ ಮೇಡಂಜೀ. ಗಾಜು ಒಡೆದರೆ ನನ್ನ ಕೆಲಸ ಹೋಗುತ್ತೆ. ಕೂತಿರ್ತೀನಿ, ಏನೂ ತೊಂದರೆಯಿಲ್ಲ.”

ನಾನು ಏನು ಮಾಡಬೇಕಿತ್ತು ಎಂಬುದರಲ್ಲಿ ಗೊಂದಲವಿಲ್ಲ. ನಿಮ್ಮ ಕೆಲಸದ ಹೊಣೆ ನನ್ನದು, ಒಡೆಯಿರಿ ಎನ್ನಬೇಕಿತ್ತು. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಬೇಕಿತ್ತು. ಎರಡನ್ನೂ ಮಾಡಲಿಲ್ಲ. ಅವರೇ ಬೇಡ ಎನ್ನುತ್ತಿದ್ದಾರಲ್ಲ ಎಂದು ಸುತ್ತಲಿದ್ದವರಿಗೆ ಹೇಳಿದೆ. ಅವರ ಭಯವನ್ನು ಅವರ ಒಪ್ಪಿಗೆಯೆಂದು ತೋರಿಸಿದೆ. ಕಾರು ಒಡೆಯದೆ ಉಳಿಯಲಿ ಎಂಬ ಆಸೆ ನನಗೂ ಇತ್ತು. ಆ ಆಸೆಯನ್ನು ಅವರ ಬಾಯಿಂದ ಆಡಿಸಿಕೊಂಡೆ. ಮುಕ್ಕಾಲು ಗಂಟೆ ಕಳೆಯಿತು. ಅವರ ಹಣೆಯ ಬೆವರು ಮೊದಲು ಧಾರೆಯಾಗಿ ಇಳಿಯುತ್ತಿದ್ದದ್ದು ಆಮೇಲೆ ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲವೆಂದು ನನಗೆ ಗೊತ್ತಿತ್ತು. ಬಿಸಿಲಿನ ಆಘಾತದ ಬಗ್ಗೆ ನಾನೇ ಕರಪತ್ರ ಬರೆದಿದ್ದೆ.

ಗೇಟಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಎದುರಿನ ಮರದಡಿ ಮೆಟ್ರೊ ಪ್ರಯಾಣಿಕರಿಗಾಗಿ ಕಾಯುವ ಇ-ರಿಕ್ಷಾದವರೊಬ್ಬರು ಒಳಗೆ ನಡೆದು ಬಂದರು. ನಮ್ಮ ಗೇಟಿನ ಮೇಲೆ ಇ-ರಿಕ್ಷಾಗಳಿಗೆ ಪ್ರವೇಶವಿಲ್ಲ ಎಂಬ ಫಲಕವಿದೆ. ಆ ನಿರ್ಣಯದ ಸಭೆಯಲ್ಲಿ ನಾನಿದ್ದೆ, ವಿರೋಧಿಸಲಿಲ್ಲ. ಅವರನ್ನು ಕಂಡದ್ದೇ ಅಂಕಲ್ ಹುಬ್ಬು ಗಂಟಿಕ್ಕಿದರು.

“ಇವನ್ಯಾಕೆ ಒಳಗೆ ಬಂದ?”

ಬಂದವರು ಅದಕ್ಕೆ ಕಿವಿಗೊಡದೆ ಮುಂಗಾಜಿನ ಬಳಿ ಬಗ್ಗಿ ನೋಡಿ, ಯಾವ ದೀಪವೂ ಇಲ್ಲವೇ ಎಂದು ಕೇಳಿದರು. ಇಲ್ಲ, ಆದರೆ ಚಾರ್ಜು ಎಂಬತ್ತಿದೆ ಎಂದೆ.

“ಎಂಬತ್ತಿರೋದು ದೊಡ್ಡದರಲ್ಲಿ ದೀದಿ. ಅದು ಮಲಗಿದೆ,” ಎಂದರು. “ಅದನ್ನ ಎಬ್ಬಿಸೋಕೆ ಒಂದು ಚಿಕ್ಕದು ಇರುತ್ತೆ. ಸತ್ತಿರೋದು ಅದು. ಬಾನೆಟ್ ತೆಗೆಸಿ.”

ಬೇಡ, ಕರೆಂಟ್ ಹೊಡೆಯುತ್ತದೆ, ಕಂಪನಿಯವರೇ ಬರಬೇಕು ಎಂದೆ. ಅವರು ಗೇಟಿನಾಚೆಯ ತಮ್ಮ ರಿಕ್ಷಾದತ್ತ ಕೈ ತೋರಿಸಿದರು.

“ನಾಲ್ಕು ಬ್ಯಾಟರಿ ಮೇಲೆ ದಿನಾ ನಿಮ್ಮಂಥವರನ್ನ ಕೂರಿಸಿಕೊಂಡು ಮೆಟ್ರೊಗೆ ಬಿಡ್ತೀನಿ. ಯಾರಿಗೂ ಹೊಡೆದಿಲ್ಲ.”

ರಿಕ್ಷಾ ಒಳಗೆ ತರಬೇಕೆಂದಾಗ ಅಂಕಲ್ ಮತ್ತೆ ಅಡ್ಡ ಬಂದರು. ನಿಯಮ ಒಮ್ಮೆ ಸಡಿಲಿಸಿದರೆ ನಾಳೆ ಎಲ್ಲರೂ ಬರುತ್ತಾರೆ ಎಂಬುದು ಅವರ ಆಕ್ಷೇಪ. ನಾನು ಮೊದಲ ಬಾರಿಗೆ ದನಿಯೇರಿಸಿದೆ. ಅಷ್ಟರಲ್ಲಿ ಆ ಮನುಷ್ಯರೇ ಹೊರಗೆ ಹೋಗಿ, ತಮ್ಮ ರಿಕ್ಷಾದ ಸೀಟು ಎತ್ತಿ, ನಾಲ್ಕು ಬ್ಯಾಟರಿಗಳಲ್ಲಿ ಒಂದನ್ನು ಕಳಚಿ, ಮಾಲಿಯ ನೆರವಿನಿಂದ ಹೊತ್ತು ತಂದರು. ನಿಯಮಕ್ಕೆ ಧಕ್ಕೆಯಾಗಲಿಲ್ಲ.

ಬಾನೆಟ್ಟಿನ ಸನ್ನೆ ಇರುವುದು ಚಾಲಕನ ಕಾಲಬಳಿ. ಎಳೆಯಿರಿ ಎಂದು ಕೂಗಿದೆ. ಕಾವಲುಗಾರರು ಎಳೆಯಲಿಲ್ಲ. ಗಾಜಿನ ಹಿಂದಿನಿಂದ ಗೇಟಿನ ಕಡೆ ಬೆರಳು ತೋರಿಸಿದರು. ನನಗೆ ಅರ್ಥವಾಗದೆ ಸಂದಿಗೆ ಕಿವಿಯಿಟ್ಟೆ. ಅವರ ದನಿ ಒಣಗಿತ್ತು.

“ಬೋರ್ಡ್ ಇದೆಯಲ್ಲ ಮೇಡಂಜೀ. ನೀವೇ ಬರೆದಿದ್ದು.”

ಪರವಾಗಿಲ್ಲ, ಎಳೆಯಿರಿ ಎಂದೆ. ಆಗ ಬಾನೆಟ್ ಟಕ್ಕೆಂದು ಬಿಡಿಸಿಕೊಂಡಿತು. ರಿಕ್ಷಾದವರು ಕೆಂಪಿಗೆ ಕೆಂಪು ತಂತಿ ಹಚ್ಚಿ, ಕಪ್ಪನ್ನು ಕಬ್ಬಿಣಕ್ಕೆ ಕಚ್ಚಿಸಿದರು. ಪರದೆ ಬೆಳಗಿತು. ಬ್ರೇಕ್ ಒತ್ತಿ ಗುಂಡಿ ಒತ್ತಿದಾಗ ಕಾರು, ಏನೂ ನಡೆದೇ ಇಲ್ಲವೆಂಬಂತೆ, ತನ್ನ ಸ್ವಾಗತದ ಸಂಗೀತ ನುಡಿಸಿತು. ಬ್ಯಾಟರಿಯನ್ನು ತೆಗೆದು ಬಾನೆಟ್ ಮುಚ್ಚಿದ್ದೇ ತಡ, ಕಾವಲುಗಾರರು ಕಾರನ್ನು ಗೂಡಿನಿಂದ ಹೊರತಂದು, ಆ ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಕಾಲಿಟ್ಟು ಇಳಿದರು. ಇಡೀ ಕೆಲಸಕ್ಕೆ ಹಿಡಿದದ್ದು ಹತ್ತು ನಿಮಿಷ. ಸಣ್ಣ ಬ್ಯಾಟರಿ ಎಲ್ಲಿದೆಯೆಂದು ಕಾವಲುಗಾರರಿಗೆ ಮೊದಲೇ ಗೊತ್ತಿತ್ತು, ಸರ್ವಿಸ್‌ನವರು ಬಂದಾಗ ನೋಡಿದ್ದರು. ಸಿಕ್ಕಿಬಿದ್ದ ಸ್ವಲ್ಪ ಹೊತ್ತಿಗೇ ಸನ್ನೆ ಎಳೆಯೋಣವೆಂದು ಕೈ ಹೋಗಿ, ಸೂಚನೆ ನೆನಪಾಗಿ ಹಿಂತೆಗೆದುಕೊಂಡರಂತೆ. ಇದನ್ನು ಅವರು ಅಂದೇ, ಮೆಟ್ಟಿಲ ಮೇಲೆ ಕುಳಿತು ಉಪ್ಪು ಸಕ್ಕರೆಯ ನೀರು ಕುಡಿಯುವಾಗ, ಆಪಾದನೆಯ ಲವಲೇಶವೂ ಇಲ್ಲದೆ ಹೇಳಿದರು.

ಲೋಟ ಕೆಳಗಿಟ್ಟು ಅವರು ನೇರವಾಗಿ ಹೋದದ್ದು ಗೇಟಿಗೆ. ರಿಜಿಸ್ಟರ್ ತೆರೆದು, ಗೇಟು ಖಾಲಿಯಿದ್ದಾಗ ಯಾರು ಯಾರು ಬಂದರೆಂದು ವಿಚಾರಿಸಿ, ಒಂದೊಂದಾಗಿ ಬರೆದರು. ಇ-ರಿಕ್ಷಾದವರನ್ನೂ ಬರೆದರು. ಮೇಲೆ ಒಂದು ಸಾಲು: ಹನ್ನೊಂದು ಹತ್ತರಿಂದ ಒಂದು ಹದಿನೈದರವರೆಗೆ ಗೇಟಿನಲ್ಲಿ ಗಾರ್ಡ್ ಇರಲಿಲ್ಲ. ಕೆಳಗೆ ತಮ್ಮ ಸಹಿ. ತಂತ್ರಜ್ಞರು ಮೂರು ಗಂಟೆಗೆ ಬಂದಾಗ ಅವರ ಹೆಸರನ್ನೂ ಗಾಡಿ ಸಂಖ್ಯೆಯನ್ನೂ ಅದೇ ಕೈಯಿಂದ ಬರೆದುಕೊಂಡರು.

ಮಾರನೆಯ ದಿನ ನಾನು ಕಂಪನಿಗೆ ಎರಡು ಪುಟದ ದೂರು ಬರೆದು, ಪ್ರತಿಯನ್ನು ಸಮಿತಿಗೂ ಕೊಟ್ಟೆ. ಒಳ್ಳೆಯ ಪತ್ರ ಅದು. ಚಕ್ರ ಬಿಡಿಸಲು ಕೈಯಿಂದ ಎಳೆಯುವ ಸನ್ನೆ ಯಾಕಿಲ್ಲ, ಕಿಟಕಿಗೆ ಪರ್ಯಾಯ ಯಾಕಿಲ್ಲ, ಒಳಗೆ ಮನುಷ್ಯರಿದ್ದರೂ ಅದು ತುರ್ತು ಯಾಕಲ್ಲ ಎಂದೆಲ್ಲ ಕೇಳಿದ್ದೆ. ಸೊಸೈಟಿ ಕೊಟ್ಟ ಗೂಡಿನ ಅಗಲವನ್ನೂ ಟೀಕಿಸಿದ್ದೆ. ಗೂಡಿನಲ್ಲಿ ಕಾವಲುಗಾರರೊಬ್ಬರು ಸಿಕ್ಕಿಬಿದ್ದರೆಂದು ಬರೆದಿದ್ದೆ. ಅವರ ಕೈಗೆ ಕೀಲಿಕೈ ಕೊಟ್ಟು, ಒಳಗೆ ಹಾಕಿ ಎಂದವಳು ನಾನು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಮರೆತೆನೆಂದು ಹೇಳಲಾರೆ. ಆ ಸಾಲನ್ನು ಒಮ್ಮೆ ಬರೆದು, ಪತ್ರದ ಹರಿತ ಕಡಿಮೆಯಾಗುತ್ತದೆಂದು ಅಳಿಸಿದ್ದೆ.

ಯಾರೋ ಫೋನಿನಲ್ಲಿ ಚಿತ್ರಿಸಿದ ತುಣುಕು ಅಕ್ಕಪಕ್ಕದ ಸೊಸೈಟಿಗಳ ವಾಟ್ಸಾಪ್ ಗುಂಪುಗಳಿಗೆಲ್ಲ ಹರಡಿತ್ತು. ಸಮಿತಿಗೆ ಮುಜುಗರವಾಯಿತು. ಕಪಾಟಿನಿಂದ ಒಪ್ಪಂದ ಹೊರಬಂತು. ಹತ್ತನೆಯ ದಿನ ಗುತ್ತಿಗೆದಾರರಿಗೆ ಪತ್ರ ಹೋಯಿತು: ನಿವಾಸಿಯ ವಾಹನದ ಅನಧಿಕೃತ ಬಳಕೆ, ಕರ್ತವ್ಯದ ಸ್ಥಳವನ್ನು ಎರಡು ಗಂಟೆ ತೊರೆದ ನಿರ್ಲಕ್ಷ್ಯ. ಎರಡನೆಯದಕ್ಕೆ ಸಾಕ್ಷಿ, ರಿಜಿಸ್ಟರಿನಲ್ಲಿ ಅವರದೇ ಕೈಬರಹ. ಮೊದಲನೆಯದಕ್ಕೆ ಸಾಕ್ಷಿ, ನನ್ನ ಪತ್ರದಲ್ಲಿ ಇಲ್ಲದ ಸಾಲು. ಅವರನ್ನು ತೆಗೆದರು.

ನಾನು ಅಂಕಲ್ ಮನೆಗೆ ಓಡಿದೆ. ಆಂಟಿ ಕಾಫಿ ತಂದಿಟ್ಟರು. ಕೀಲಿಕೈ ಕೊಟ್ಟದ್ದು ನಾನೇ, ಅದು ನಿಮಗೂ ಗೊತ್ತು, ನಿಮ್ಮ ಕಾರಿನದೂ ಅಲ್ಲೇ ತೂಗುತ್ತಿದೆ ಎಂದೆ.

“ನಿನ್ನ ಪತ್ರದಲ್ಲಿ ಅದು ಇಲ್ಲವಲ್ಲಮ್ಮ,” ಎಂದರು ಅವರು, ಬೇಸರದಿಂದಲೇ. “ನೀನು ಒಳ್ಳೆಯವಳು, ಅದು ನನಗೆ ಗೊತ್ತು. ಫೈಲಿಗೆ ಗೊತ್ತಿಲ್ಲ.”

ಹಾಗಾದರೆ ಈಗ ಬರೆದು ಕೊಡುತ್ತೇನೆ ಎಂದೆ. ಈಗ ಬರೆದರೆ ಅನಂತರದ ಯೋಚನೆ ಎನಿಸಿಕೊಳ್ಳುತ್ತದೆ, ಫೈಲು ಮುಚ್ಚಿದೆ, ಅವನಿಗೇನು, ಬೇರೆ ಕಡೆ ಹಾಕಿಕೊಡುತ್ತಾರೆ ಎಂದರು. ಆದರೂ ಬರೆದು ಕೊಟ್ಟೆ. ಸ್ವೀಕೃತಿಯ ಮೊಹರು ಒತ್ತಿ ಪ್ರತಿ ಹಿಂದಿರುಗಿಸಿದರು. ಉತ್ತರ ಬಂದಿಲ್ಲ.

ಬೇರೆ ಕಡೆ ಹಾಕಿದ್ದು ನಿಜ. ಅವರು ಈಗ ಫರೀದಾಬಾದಿನ ಕಾರ್ಖಾನೆಯೊಂದರ ಗೇಟಿನಲ್ಲಿದ್ದಾರೆ. ಹನ್ನೆರಡು ಗಂಟೆಯ ಪಾಳಿ. ನಮ್ಮ ಸೊಸೈಟಿಗೆ ನಡೆದೇ ಬರುತ್ತಿದ್ದ ಕೋಣೆಯಿಂದ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಫೋನ್ ಮಾಡಿ ಕ್ಷಮೆ ಕೇಳಿದಾಗ ಅವರು ಮಾತು ಬದಲಿಸಿ, ನನ್ನ ಗಾಡಿ ಈಗ ಸರಿಯಿದೆಯೇ ಎಂದು ವಿಚಾರಿಸಿದರು. “ಇಲ್ಲಿ ಬರೀ ಟ್ರಕ್ ಮೇಡಂಜೀ. ಯಾರೂ ಕೀಲಿ ಕೊಡಲ್ಲ. ಕೊಟ್ಟರೂ ನಾನು ತಗೊಳ್ಳಲ್ಲ,” ಎಂದರು. ವಾಪಸ್ ಬರುತ್ತೀರಾ ಎಂದೆ. ಕರೆದರೆ ಬರುತ್ತೇನೆ ಎಂದರು. ಆದರೆ ಆ ಕಾಗದದಲ್ಲಿ ಬರೆದದ್ದು ಇರುವವರೆಗೆ ಗುತ್ತಿಗೆದಾರರು ಅವರನ್ನು ಯಾವ ವಸತಿ ಸೊಸೈಟಿಗೂ ಕಳಿಸುವುದಿಲ್ಲವಂತೆ.

ಆ ಫೋನ್ ಮಾಡಿದ ದಿನವೇ ಮಧ್ಯಾಹ್ನ ಕಾರನ್ನು ನಾನೇ ಆ ಗೂಡಿನೊಳಗೆ ಹೊಗಿಸಿದೆ. ಕನ್ನಡಿಗಳನ್ನು ಮಡಿಸಿ, ಎರಡು ಸಲ ಗೋಡೆಗೆ ಸವರಿ, ಹೇಗೋ ಕೊನೆ ಮುಟ್ಟಿಸಿ ಆಫ್ ಮಾಡಿದೆ. ಸದ್ದೆಲ್ಲ ನಿಂತುಹೋಯಿತು. ಬಾಗಿಲು ತೆರೆದೆ, ಗೋಡೆಗೆ ತಾಗಿ ನಿಂತಿತು. ಕಿಟಕಿ ಇಳಿಸಿ ತಲೆ ತೂರಿಸಿದೆ, ಭುಜ ಹಿಡಿಯಲಿಲ್ಲ. ಗೋಡೆಯ ಮೇಲೆ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ, ಒಂದೂವರೆ ವರ್ಷ ಒಂದೇ ಬೆನ್ನು ಉಜ್ಜಿ ನುಣುಪಾದ ಜಾಗ ಕಾಣುತ್ತಿತ್ತು. ಸುಣ್ಣ ಹೋಗಿ ಸಿಮೆಂಟು ಹೊಳೆಯುತ್ತಿತ್ತು. ನಾನು ಮತ್ತೆ ಸೀಟಿಗೆ ಕುಸಿದೆ. ಮುಂಗಾಜಿನಾಚೆ ಹೊಸ ಕಾವಲುಗಾರರು ನಿಂತು ನೋಡುತ್ತಿದ್ದರು. ಒಪ್ಪಂದದ ಪ್ರಕಾರ ಅವರು ಹತ್ತಿರ ಬರುವಂತಿರಲಿಲ್ಲ. ನನ್ನ ಬಳಿ ಚಾರ್ಜು ಇತ್ತು, ಹೊಸ ಬ್ಯಾಟರಿ ಇತ್ತು, ಗುಂಡಿ ಒತ್ತಿದರೆ ಹೊರಬರಬಹುದಿತ್ತು. ಆದರೂ ಐದು ನಿಮಿಷವೂ ಕೂರಲಾಗಲಿಲ್ಲ.

ಆ ಸಂಜೆ ನನ್ನ ಕೆಂಪಕ್ಷರದ ಸೂಚನೆಯನ್ನು ಕ್ಯಾಬಿನ್ನಿನಿಂದ ಕಿತ್ತೆ. ಗೋಡೆಯ ಮೇಲೆ ಅಂಟಿನ ನಾಲ್ಕು ಗುರುತುಗಳು ಉಳಿದಿವೆ. ಪಕ್ಕದ ಹಲಗೆಯಲ್ಲಿ ಕೀಲಿಕೈಗಳು ಎಂದಿನಂತೆ ತೂಗುತ್ತಿವೆ. ಒಂದು ಮೊಳೆ ಖಾಲಿಯಿದೆ, ನನ್ನದು. ಕಾರನ್ನು ಈಗ ಹೊರಗೆ ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಚಾರ್ಜಿಗೆ ಮೆಟ್ರೊ ನಿಲ್ದಾಣದವರೆಗೆ ಹೋಗುತ್ತೇನೆ.

ಕಾರು ತಯಾರಿಸಿದವರೇ, ಸಣ್ಣ ಬ್ಯಾಟರಿ ಸತ್ತಾಗ ಕಾರಿನೊಳಗಿನ ಮನುಷ್ಯ ಏನು ಮಾಡಬೇಕೆಂಬುದನ್ನು ಚಾಲಕನ ಬಾಗಿಲಿನ ಒಳಮೈಯಲ್ಲಿ, ಹಿಂದಿಯಲ್ಲೂ ಊರೂರಿನ ಭಾಷೆಯಲ್ಲೂ ಅಚ್ಚೊತ್ತಿ ಕೊಡಿ. ಕಾರು ಕೊಂಡವರು ಬೇರೆ, ಅದರೊಳಗೆ ಸಿಕ್ಕಿಬೀಳುವವರು ಬೇರೆ ಎಂಬುದನ್ನು ತಿಳಿದು ಅದನ್ನು ಬರೆಯಿರಿ.

ಅಂಕಲ್, ಇನ್ನುಳಿದದ್ದನ್ನು ನಿಮ್ಮ ಮುಖ ನೋಡಿ ಕೇಳುತ್ತಿದ್ದೇನೆ. ಆ ಗೂಡನ್ನು ಸೈಕಲ್‌ಗಳಿಗೆ ಹಿಂದಿರುಗಿಸಿ. ಮೊಳೆಗಳ ಹಲಗೆಯನ್ನು ತೆಗೆಸಿ, ಇಲ್ಲವೇ ಒಪ್ಪಂದದ ಆ ಸಾಲನ್ನು ತೆಗೆಸಿ. ಎರಡೂ ಒಟ್ಟಿಗೆ ಇರಕೂಡದು. ಬರುವ ತಿಂಗಳ ಒಂದನೆಯ ತಾರೀಖಿನೊಳಗೆ ಅವರನ್ನು ಅದೇ ಗೇಟಿಗೆ, ಅದೇ ಹಗಲು ಪಾಳಿಗೆ ಕರೆಸಿಕೊಳ್ಳಿ. ಅವರ ಮೇಲೆ ಬರೆದ ‘ಅನಧಿಕೃತ’ ಮತ್ತು ‘ನಿರ್ಲಕ್ಷ್ಯ’ ಎಂಬ ಎರಡು ಮಾತುಗಳನ್ನೂ ಹಿಂತೆಗೆದುಕೊಂಡು, ಕೀಲಿಕೈಯನ್ನು ನಿವಾಸಿಯೇ ಕೊಟ್ಟಿದ್ದಳು ಎಂಬುದನ್ನು ಸೇರಿಸಿ, ಗುತ್ತಿಗೆದಾರರಿಗೆ ಹೊಸ ಪತ್ರ ಬರೆಯಿರಿ. ಅದರ ಒಂದು ಪ್ರತಿಯನ್ನು, ನಿಮ್ಮ ಸಹಿಯ ಕೆಳಗೆ ನನ್ನ ಸಹಿಯನ್ನೂ ಹಾಕಿಸಿ, ಕ್ಯಾಬಿನ್ನಿನಲ್ಲಿ ಆ ನಾಲ್ಕು ಅಂಟಿನ ಗುರುತುಗಳ ಮೇಲೆ ಅಂಟಿಸಿ.